ಬೀಗ ಗಟ್ಟಿಯಿತ್ತು, ಚೌಕಟ್ಟು ಸೋತಿತ್ತು: ಮುಲುಂಡಿನ ಒಂದು ಮನೆಗಳ್ಳತನದ ಪ್ರಕರಣ

ಮೇ ತಿಂಗಳು ಬಂತೆಂದರೆ ಮುಂಬೈ ಕನ್ನಡಿಗರ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ಮುಂಜಿ, ದೇವರ ಕಾರ್ಯ. ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಕುಮಟಾ. ಇಲ್ಲಿ ಹೇಳುತ್ತಿರುವ ಮನೆಯವರೂ ಹಾಗೇ ಒಂದು ಮದುವೆಗೆಂದು ಹೋದವರು.

ನಾನು ಬಾಗಿಲು, ಬೀಗ, ಗ್ರಿಲ್ ಕೆಲಸ ಮಾಡಿಸುವವನು. ಕಳ್ಳತನವಾದ ಮನೆಗಳಿಂದ ಆಗಾಗ ಕರೆ ಬರುತ್ತದೆ. ಪ್ರತಿ ಸಲವೂ ಒಂದೇ ಮಾತು: 'ಇರುವುದರಲ್ಲೇ ದೊಡ್ಡ ಬೀಗ ಹಾಕಿಕೊಡಿ.' ಬೀಗ ಯಾವ ಮರಕ್ಕೆ ಕೂತಿದೆ, ಆ ಮರ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿರುವುದು ಅದಕ್ಕೇ. ಮನೆಯವರು ಒಪ್ಪಿದ್ದಾರೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮುಲುಂಡ್ ಪೂರ್ವದ ಹಳೇ ಕಟ್ಟಡ. ಲಿಫ್ಟ್ ಇಲ್ಲ, ಮಾಳಿಗೆಗೆ ನಾಲ್ಕು ಮನೆ. ಇವರದು ಮೊದಲ ಮಾಳಿಗೆ. ಯಜಮಾನರಿಗೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ, ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಶಾಲೆಯಲ್ಲಿ ಟೀಚರ್. ಮಗಳು ಕಾಲೇಜು. ಯಜಮಾನರ ತಾಯಿಯೂ ಜೊತೆಗಿದ್ದಾರೆ. ನಾಲ್ಕೂ ಜನ ಊರಿಗೆ ಹೋಗಿದ್ದರು.

ಕಳ್ಳತನ ಬೆಳಕಿಗೆ ಬಂದದ್ದು ಎದುರು ಮನೆಯಿಂದ. ಬೆಳಗ್ಗೆ ಹಾಲಿನವನು ಬೆಲ್ ಮಾಡಿದ. ಒಳಗಿದ್ದ ಮರಾಠಿ ಅಜ್ಜ ಬಾಗಿಲು ತೆಗೆಯಲು ಹೋದರೆ ಬಾಗಿಲು ಬರುತ್ತಿಲ್ಲ. ಯಾರೋ ಹೊರಗಿನ ಕಡಿ, ಅಂದರೆ ಚಿಲಕ, ಹಾಕಿದ್ದರು. ಆ ಮಾಳಿಗೆಯ ಉಳಿದ ಎರಡು ಮನೆಗಳಿಗೂ ಹಾಗೇ ಹೊರಗಿನಿಂದ ಕಡಿ ಬಿದ್ದಿತ್ತು. ನಾಲ್ಕನೆಯ ಬಾಗಿಲು ಮಾತ್ರ ತೆರೆದಿತ್ತು. ಶಬ್ದ ಕೇಳಿ ಯಾರಾದರೂ ಹೊರಗೆ ಬಂದಾರು ಎಂದು ಕಳ್ಳರು ಮೊದಲು ನೆರೆಯವರನ್ನು ಒಳಗೆ ಕೂಡಿಹಾಕುತ್ತಾರೆ. ಮಹಾರಾಷ್ಟ್ರದಲ್ಲಿ ಇದು ಹಳೇ ಪದ್ಧತಿ. ಆದರೂ ಎಷ್ಟೋ ಮನೆಗಳ ಬಾಗಿಲಿಗೆ ಯಾವ ಉಪಯೋಗಕ್ಕೂ ಬಾರದ ಆ ಹೊರಗಿನ ಕಡಿ ಇನ್ನೂ ಇದೆ. ಒಳಗಿದ್ದವರಿಗೆ ಆ ಹೊತ್ತಿಗೆ ಎದೆನೋವೋ ಬೆಂಕಿಯೋ ಬಂದಿದ್ದರೆ ಏನು ಗತಿ?

ಮೊದಲ ದಿನ

ಅಕ್ಕನ ತಮ್ಮ ಪಕ್ಕದ ಠಾಣೆ ನಗರದಲ್ಲಿದ್ದಾರೆ. ಕುಮಟಾದಿಂದ ಅವರಿಗೆ ಫೋನ್ ಬಂತು, ಅವರು ನನಗೆ ಮಾಡಿದರು. ನಾನು ಹೇಳಿದ್ದು ಇಷ್ಟೇ: ಒಳಗೆ ಕಾಲಿಡಬೇಡಿ, 112ಕ್ಕೆ ಫೋನ್ ಮಾಡಿ, ಪೊಲೀಸರು ಬರುವವರೆಗೆ ಬಾಗಿಲಲ್ಲೇ ನಿಂತಿರಿ. ನೆರೆಯ ಹೆಂಗಸರು ಒಳ್ಳೇ ಮನಸ್ಸಿನಿಂದಲೇ ಬಟ್ಟೆಗಳನ್ನಾದರೂ ಮಡಚಿಡೋಣ ಎಂದು ಹೊರಟಿದ್ದರಂತೆ. ಅವರನ್ನು ತಡೆದದ್ದು ಒಳ್ಳೆಯದಾಯಿತು. ಬೆರಳಚ್ಚು ಚೆನ್ನಾಗಿ ಸಿಗುವುದು ಸ್ಟೀಲ್ ಕಪಾಟು, ಗಾಜು, ಫ್ರಿಜ್ ಬಾಗಿಲಿನಂಥ ನುಣುಪು ಜಾಗದಲ್ಲಿ. ಒಂದು ಸಲ ಒರೆಸಿದರೆ ಅದು ಹೋದಂತೆಯೇ.

ದೂರು ಕೊಡಲು ಮನೆಯ ಯಜಮಾನರೇ ಬರಬೇಕೆಂದು ಕಾಯುವವರಿದ್ದಾರೆ. ಕಾಯಬೇಕಾಗಿಲ್ಲ. ಇಂಥ ಅಪರಾಧ ನಡೆದಿದೆ ಎಂದು ಗೊತ್ತಿರುವ ಯಾರೇ ಮಾಹಿತಿ ಕೊಟ್ಟರೂ ಎಫ್‌ಐಆರ್ ಆಗುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಿಂದೆ 380, 457 ಎನ್ನುತ್ತಿದ್ದ ಕಲಮುಗಳ ಜಾಗದಲ್ಲಿ ಈಗ 305 ಮತ್ತು 331 ಇವೆ. ಒಂದು ವಾಸದ ಮನೆಯ ಕಳವಿಗೆ, ಇನ್ನೊಂದು ಮನೆ ಒಡೆದು ನುಗ್ಗಿದ್ದಕ್ಕೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕು ಎಂದೂ ಅದರ ಜೊತೆಗೇ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಇದು ಗೊತ್ತಿದ್ದರೆ ಠಾಣೆಯಲ್ಲಿ ಮುದುಡಿಕೊಂಡು ನಿಲ್ಲಬೇಕಾಗಿಲ್ಲ, ಕೇಳಬೇಕಾದ್ದನ್ನು ಕೇಳಬಹುದು.

ಆದರೆ ಏನೇನು ಹೋಯಿತು ಎಂಬ ಪಟ್ಟಿಯಲ್ಲಿ ಅವಸರ ಮಾಡಬಾರದು. ಅಕ್ಕ ಫೋನಿನಲ್ಲಿ ಅಳುತ್ತಾ ನೆನಪಾದದ್ದನ್ನೆಲ್ಲ ಹೇಳುತ್ತಿದ್ದರು. ತಮ್ಮ ಅದನ್ನು ಹಾಗೇ ಬರೆಸಲಿಲ್ಲ. 'ಪೂರ್ತಿ ಪಟ್ಟಿಯನ್ನು ಮನೆಯವರು ಬಂದು ನೋಡಿದ ಮೇಲೆ ಕೊಡುತ್ತೇವೆ' ಎಂಬ ಸಾಲನ್ನು ದೂರಿನಲ್ಲೇ ಸೇರಿಸಿದರು. ಆಮೇಲೆ ಪೊಲೀಸರಿಗೆ ಕೊಟ್ಟ ಪೂರಕ ಹೇಳಿಕೆಯಲ್ಲಿ ಉಳಿದದ್ದೆಲ್ಲ ಬಂತು. ಹೋಯಿತು ಎಂದು ಬರೆಸಿದ ಬಳೆ ನಾಳೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕರೆ ದೂರಿನ ಬೆಲೆಯೇ ಇಳಿಯುತ್ತದೆ, ಅಲ್ವಾ?

ಪಂಚನಾಮೆ ಮುಗಿದು, ಬಾಗಿಲು ಮುಟ್ಟಬಹುದು ಎಂದು ಪೊಲೀಸರು ಹೇಳಿದ ಮೇಲೆ ನಾನು ಕೆಲಸಕ್ಕೆ ಕೈ ಹಾಕಿದೆ. ಆ ರಾತ್ರಿಗೆ ಬೇಕಾದದ್ದು ಚಂದದ ಬಾಗಿಲಲ್ಲ, ಮುಚ್ಚಿಕೊಳ್ಳುವ ಬಾಗಿಲು. ಒಡೆದ ಜಾಗಕ್ಕೆ ಒಳಗಿನಿಂದ 19 ಮಿಲಿಮೀಟರ್ ಪ್ಲೈವುಡ್ ತುಂಡು, ಅದರ ಮೇಲೆ ಕಬ್ಬಿಣದ ಪಟ್ಟಿ, ಒಂದು ಗಟ್ಟಿ ಅಲ್ಡ್ರಾಪ್, ಅಂದರೆ ಅಡ್ಡ ಸರಿಸುವ ದಪ್ಪ ಚಿಲಕ. ತಮ್ಮ ಅಲ್ಲೇ ಮಲಗಿದರು. ಒಂದು ಸಲ ಕಳ್ಳತನವಾದ ಮನೆಗೆ ಮೊದಲ ಕೆಲವು ವಾರಗಳಲ್ಲಿ ಮತ್ತೆ ಕಳ್ಳರು ಬರುವ ಸಾಧ್ಯತೆ ಜಾಸ್ತಿ. ಅಪರಾಧಗಳ ಬಗ್ಗೆ ಓದಿಕೊಂಡವರು ಬೇರೆ ಬೇರೆ ದೇಶಗಳಲ್ಲಿ ಇದನ್ನು ಕಂಡಿದ್ದಾರೆ. ದಾರಿ ಗೊತ್ತಾಗಿರುತ್ತದೆ, ಬಾಗಿಲು ಸೋತಿರುತ್ತದೆ, ಬಿಟ್ಟುಹೋದದ್ದು ಏನೆಂಬುದೂ ತಿಳಿದಿರುತ್ತದೆ. 'ಇನ್ನೇನು ಉಳಿದಿದೆ, ಯಾರು ಬರುತ್ತಾರೆ' ಎಂದು ಮನೆಯನ್ನು ಹಾಗೇ ಬಿಟ್ಟು ನೆಂಟರ ಮನೆಗೆ ಹೋಗುವುದು ಬೇಡವೇ ಬೇಡ.

ಬಾಗಿಲು ಹೇಳಿದ ಕತೆ

ಮುರಿದ ಬಾಗಿಲನ್ನು ಸಮಾಧಾನದಿಂದ ನೋಡಿದರೆ ಕಳ್ಳ ಏನು ಮಾಡಿದ ಎಂಬುದು ಒಂದೊಂದಾಗಿ ತಿಳಿಯುತ್ತದೆ.

ಇವರದು ಎರಡು ಬಾಗಿಲು. ಹೊರಗೆ ಸರಳಿನ ಸೇಫ್ಟಿ ಡೋರ್, ಅದು ಹೊರಕ್ಕೆ ತೆರೆಯುತ್ತದೆ. ಒಳಗೆ ಮರದ ಫ್ಲಶ್ ಡೋರ್, ಅದು ಒಳಕ್ಕೆ. ಊರಿಗೆ ಹೋಗುವಾಗ ಸೇಫ್ಟಿ ಡೋರಿನ ಕಡಿ-ಕೊಯಂಡಕ್ಕೆ (ಚಿಲಕ ಮತ್ತು ಅದು ಸಿಕ್ಕಿಕೊಳ್ಳುವ ಕಬ್ಬಿಣದ ಕೊಂಡಿಗೆ) ಹೊರಗಿನಿಂದ ಒಂದು ದಪ್ಪ ತೂಗುಬೀಗ ಹಾಕಿದ್ದರು. ಆ ಬೀಗ ನೆಲದ ಮೇಲೆ ಬಿದ್ದಿತ್ತು, ಮೈಮೇಲೆ ಒಂದು ಗೀರೂ ಇಲ್ಲ. ಕಳ್ಳ ಬೀಗದ ತಂಟೆಗೇ ಹೋಗಿರಲಿಲ್ಲ. ಕೊಯಂಡದ ಸಂದಿಗೆ ಸರಳು ತೂರಿಸಿ ಮೀಟಿದ್ದ, ತೆಳು ಕೊಯಂಡ ಮುರಿದು ಬಂದಿತ್ತು. ದೊಡ್ಡ ಬೀಗದಿಂದ ಇನ್ನೂ ಒಂದು ಕೆಡುಕಾಗಿತ್ತು. ಮನೆಯಲ್ಲಿ ಯಾರೂ ಇಲ್ಲ ಎಂಬುದನ್ನು ಮೆಟ್ಟಿಲು ಹತ್ತಿ ಬಂದ ಎಲ್ಲರಿಗೂ ಅದೇ ಸಾರುತ್ತಿತ್ತು.

ಇನ್ನು ಒಳಬಾಗಿಲು. ಅದಕ್ಕೆ ಒಳಮೈಗೆ ಕೂರಿಸಿದ ನೈಟ್ ಲ್ಯಾಚ್, ಅಂದರೆ ಬಾಗಿಲು ಎಳೆದರೆ ತಾನೇ ಬೀಳುವ ಬೀಗ. ಒಳ್ಳೇ ಕಂಪನಿಯದೇ. ಕೀಲಿ ಹಾಕಿ ತಿರುಗಿಸಿ ನೋಡಿದೆ, ನಾಲಿಗೆ ಬೆಣ್ಣೆಯ ಹಾಗೆ ಹೊರಗೆ ಬಂದು ಒಳಗೆ ಹೋಯಿತು. ಲ್ಯಾಚಿಗೆ ಏನೂ ಆಗಿರಲಿಲ್ಲ. ಆ ನಾಲಿಗೆ ಹೋಗಿ ಕೂರುವ ಕಬ್ಬಿಣದ ಡಬ್ಬಿ ಮಾತ್ರ ಚೌಕಟ್ಟಿನಿಂದ ಕಿತ್ತು ಬಂದು ಒಂದು ಸ್ಕ್ರೂನಲ್ಲಿ ನೇತಾಡುತ್ತಿತ್ತು. ಉಳಿದ ಸ್ಕ್ರೂಗಳು ಕೆಳಗೆ ಬಿದ್ದಿದ್ದವು, ಒಂದೊಂದೂ ಅರ್ಧ ಇಂಚು. ಅವುಗಳ ಎಳೆಗಳಲ್ಲಿ ಗಟ್ಟಿ ಮರದ ಸಿಬರು ಇರಲಿಲ್ಲ, ಬಿಳಿ ಪುಡಿ ಅಂಟಿತ್ತು. ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಲಂಬಿ, ಅಂದರೆ ತೂತು ಮುಚ್ಚುವ ಪುಟ್ಟಿ, ಅದರಡಿ ಹಳೇ ತೂತುಗಳು. ಇಷ್ಟು ವರ್ಷದಲ್ಲಿ ಲ್ಯಾಚ್ ಬದಲಾದಾಗಲೆಲ್ಲ ಅದೇ ಅಂಗೈಯಗಲದ ಜಾಗದಲ್ಲಿ ಹೊಸ ತೂತು ಕೊರೆದು, ಹಳೆಯದಕ್ಕೆ ಲಂಬಿ ತುಂಬಿ ಬಣ್ಣ ಬಳಿದಿದ್ದರು. ಕಳ್ಳ ಭುಜ ಕೊಟ್ಟು ನೂಕಿದಾಗ ಆ ಬಾಗಿಲನ್ನು ಹಿಡಿದಿದ್ದದ್ದು ಲಂಬಿ.

ಒಳಕ್ಕೆ ತೆರೆಯುವ ಬಾಗಿಲಿಗೆ ಒಳಮೈಯ ಲ್ಯಾಚ್ ಹಾಕಿದಾಗ ಹೊರಗಿನ ನೂಕು ಪೂರ್ತಿ ಬಂದು ಬೀಳುವುದು ಆ ಡಬ್ಬಿಯ ಮೇಲೆ, ಅಂದರೆ ಡಬ್ಬಿಯ ಸ್ಕ್ರೂಗಳ ಮೇಲೆ. ಎಷ್ಟೇ ದುಬಾರಿ ಲ್ಯಾಚ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಮಗಳು ಬೆರಳಚ್ಚಿನಿಂದ ತೆರೆಯುವ ಡಿಜಿಟಲ್ ಲಾಕ್ ಬೇಕೆಂದಳು. ನನಗೆ ಅದರ ಮೇಲೆ ದ್ವೇಷವಿಲ್ಲ. ಆದರೆ ಅದನ್ನು ಇದೇ ಚೌಕಟ್ಟಿಗೆ ಕೂರಿಸಿದರೆ ಮತ್ತೆ ಇದೇ ಕತೆ ಎಂದೆ. ಅಜ್ಜಿ ಇನ್ನೊಂದು ಕಡೆಯಿಂದ, 'ತಮಾ, ಅದೆಲ್ಲ ಬೇಡ, ಆನೆ ಗಾತ್ರದ ಬೀಗ ಜಡಿ' ಎಂದರು. ಇಬ್ಬರಿಗೂ ನೇತಾಡುವ ಡಬ್ಬಿಯನ್ನೇ ತೋರಿಸಿದೆ.

ಮುರಿದ ಚೌಕಟ್ಟು ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಅದನ್ನು ಹೇಳದೆ ಮುಂದೆ ಹೋಗಲಾರೆ. ಕೆಲಸಕ್ಕೆ ಬರುವ ಹೆಂಗಸಿನ ಹತ್ತಿರ ಈ ಮನೆಯ ಕೀಲಿ ಇತ್ತು. ಮೊದಲ ದಿನವೇ ಕಟ್ಟಡದ ತುಂಬ ಅವಳ ಹೆಸರು ಓಡಾಡಿತು. ಕೀಲಿ ಇರುವವಳು ಬಾಗಿಲು ಒಡೆಸುವುದೇಕೆ? ವಿಚಾರಿಸುವುದು ಪೊಲೀಸರ ಕೆಲಸ, ಅವರು ವಿಚಾರಿಸಿದರು, ಅವಳೂ ಹೋಗಿ ಉತ್ತರ ಕೊಟ್ಟು ಬಂದಳು. ಕಟ್ಟಡದವರು ಸುಮ್ನೆ ಒಬ್ಬ ಬಡವಳ ಮೇಲೆ ಬೆರಳು ತೋರಿಸಿದರೆ ಅವಳಿಗೆ ಉಳಿದ ಮನೆಗಳ ಕೆಲಸವೂ ಹೋಗುತ್ತದೆ. ಅಕ್ಕ ಅವಳನ್ನು ಬಿಡಲಿಲ್ಲ. ಅದು ನನಗೆ ತುಂಬಾ ಸರಿ ಕಂಡಿತು. ವಾಚ್‌ಮನ್‌ನ ವಿಷಯವೂ ಹೆಚ್ಚು ಕಡಿಮೆ ಇಷ್ಟೇ. ವಯಸ್ಸಾದ ಮನುಷ್ಯ, ಹನ್ನೆರಡು ಗಂಟೆಯ ಪಾಳಿ, ಒಬ್ಬನೇ. ನಸುಕಿನಲ್ಲಿ ಪಾಲಿಕೆಯ ನೀರು ಬಂದಾಗ ಪಂಪ್ ಹಾಕಲು ಕಟ್ಟಡದ ಇನ್ನೊಂದು ಬದಿಗೆ ಹೋಗುವವನೂ ಅವನೇ. ಆ ಹೊತ್ತಿಗೆ ಗೇಟಿನಲ್ಲಿ ಯಾರೂ ಇರುವುದಿಲ್ಲ. ಈ ವ್ಯವಸ್ಥೆ ಮಾಡಿದ್ದು ಸೊಸೈಟಿ, ಅಂದರೆ ಕಟ್ಟಡದ ಮನೆಯವರ ಸಂಘ, ಅವನಲ್ಲ.

ಕಟ್ಟಿದ್ದು ಹೇಗೆ

ಚೌಕಟ್ಟನ್ನು ಪೂರ್ತಿ ಕಿತ್ತರೆ ಗೋಡೆ, ಟೈಲ್ಸ್ ಎಲ್ಲ ಹಾಳು. ಹಾಗಾಗಿ ಲ್ಯಾಚಿನ ಕಡೆಯ ಕಂಬದಲ್ಲಿ ಮೂರು ಅಡಿಯಷ್ಟು ಕೆಟ್ಟ ಮರವನ್ನು ಕತ್ತರಿಸಿ ತೆಗೆದು, ಅದೇ ಅಳತೆಯ ಸಾಲ್ ಮರ ಕೂರಿಸಿದೆವು. ಅದರ ಒಳಮೈಗೆ ನಾಲ್ಕು ಅಡಿ ಉದ್ದದ ಕಬ್ಬಿಣದ ಪಟ್ಟಿ. ಪಟ್ಟಿಯನ್ನು ಮರಕ್ಕೆ ಮಾತ್ರವಲ್ಲ, ಮರ ದಾಟಿ ಗೋಡೆಗೂ ಆಂಕರ್ ಫಾಸ್ಟನರ್ (ಗೋಡೆಯೊಳಗೆ ಹಿಗ್ಗಿ ಹಿಡಿಯುವ ಬೋಲ್ಟ್) ಹಾಕಿ ಬಿಗಿದೆವು. ಡಬ್ಬಿ ಕೂತದ್ದು ಈ ಪಟ್ಟಿಯ ಮೇಲೆ, ಮೂರು ಇಂಚಿನ ಸ್ಕ್ರೂಗಳಲ್ಲಿ. ಈಗ ನೂಕಿದರೆ ಆ ಬಲ ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ, ಪಟ್ಟಿಯುದ್ದಕ್ಕೂ ಹಂಚಿಹೋಗಿ ಗೋಡೆಗೆ ತಲುಪುತ್ತದೆ. ಈ ಇಡೀ ಕೆಲಸಕ್ಕೆ ತಗಲಿದ್ದು ಮಗಳು ತೋರಿಸಿದ ಡಿಜಿಟಲ್ ಲಾಕಿನ ಬೆಲೆಗಿಂತ ಕಡಿಮೆ.

ಬಾಗಿಲಿನ ಅಂಚೂ ಸೀಳಿತ್ತು. ಅದನ್ನು ಬದಲಾಯಿಸಿ, ಒಳಗೆ ಟೊಳ್ಳಿಲ್ಲದ 35 ಮಿಲಿಮೀಟರಿನ ಫ್ಲಶ್ ಡೋರ್ ಹಾಕಿದೆವು. ಹಳೇ ಲ್ಯಾಚನ್ನೇ ಇಟ್ಟುಕೊಂಡೆವು, ಕೀಲಿಯ ಸಿಲಿಂಡರ್ ಮಾತ್ರ ಹೊಸದು. ಏಕೆಂದರೆ ಕಪಾಟಿನ ಡ್ರಾಯರಿನಲ್ಲಿದ್ದ ಇನ್ನೊಂದು ಜೊತೆ ಕೀಲಿ ಕಾಣಿಸುತ್ತಿರಲಿಲ್ಲ. ಅದರ ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ಬಾಗಿಲಿನೊಳಗೇ ಹುದುಗುವ ಡೆಡ್‌ಬೋಲ್ಟ್ ಒಂದನ್ನು ಸೇರಿಸಿದೆವು. ಲ್ಯಾಚಿನ ನಾಲಿಗೆ ಸ್ಪ್ರಿಂಗಿನದು. ಕೀಲಿಯಿಂದ ಎರಡನೇ ಸುತ್ತು ತಿರುಗಿಸದೆ ಸುಮ್ನೆ ಎಳೆದುಕೊಂಡು ಹೋದರೆ ಸಂದಿಯಿಂದ ತೆಳು ತಗಡು ತೂರಿಸಿ ಅದನ್ನು ಹಿಂದಕ್ಕೆ ಸರಿಸಬಹುದು. ಡೆಡ್‌ಬೋಲ್ಟಿಗೆ ಸ್ಪ್ರಿಂಗ್ ಇಲ್ಲ, ಆ ಆಟ ನಡೆಯುವುದಿಲ್ಲ.

ಸೇಫ್ಟಿ ಡೋರಿನ ಕಡಿ-ಕೊಯಂಡವನ್ನು ಕತ್ತರಿಸಿಯೇ ಹಾಕಿದೆವು. ಅದರ ಜಾಗಕ್ಕೆ ಬಾಗಿಲಿನೊಳಗೇ ಕೂರುವ ಬೀಗ ಬಂತು. ಮನೆಯಲ್ಲಿ ಜನ ಇದ್ದಾಗಲೂ ಇಲ್ಲದಾಗಲೂ ಬಾಗಿಲು ಹೊರಗಿನಿಂದ ಒಂದೇ ಥರ ಕಾಣುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದ್ದರಿಂದ ಹಿಂಜಸ್ ಹೊರಗೇ ಇರುತ್ತವೆ, ಪಿನ್ ಬಡಿದು ತೆಗೆದರೆ ಬಾಗಿಲೇ ಕಳಚಿಕೊಳ್ಳುತ್ತದೆ. ಪಿನ್ನುಗಳ ಎರಡೂ ತುದಿಗೆ ಒಂದೊಂದು ಚುಕ್ಕೆ ವೆಲ್ಡಿಂಗ್ ಕೊಟ್ಟೆವು. ಎದುರು ಮನೆಯ ಅಜ್ಜ ಇದನ್ನೆಲ್ಲ ನೋಡುತ್ತಾ ನಿಂತಿದ್ದವರು ತಮ್ಮ ಬಾಗಿಲಿನ ಹೊರಗಿನ ಕಡಿಯನ್ನೂ ತೆಗೆಸಿದರು, ಪಕ್ಕದವರೂ ತೆಗೆಸಿದರು. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಕಳ್ಳರು ಬಾಗಿಲಿಂದ ಬಂದರೆಂದು ಕಿಟಕಿ ನೋಡದೆ ಬಿಡುವ ಹಾಗಿಲ್ಲ. ಬಾಗಿಲು ಗಟ್ಟಿಯಾದರೆ ಮುಂದಿನವನು ಬೇರೆ ದಾರಿ ಹುಡುಕುತ್ತಾನೆ. ಈ ಮನೆಯ ಬಚ್ಚಲಿಗೆ ಗಾಜಿನ ಪಟ್ಟಿಗಳ ಲೂವರ್ ಕಿಟಕಿ. ಆ ಪಟ್ಟಿಗಳು ಅಲ್ಯೂಮಿನಿಯಂ ಹಿಡಿಗಳಲ್ಲಿ ಸುಮ್ನೆ ಕೂತಿರುತ್ತವೆ. ಹೊರಗಿನಿಂದ ಒಂದೊಂದಾಗಿ ಎಳೆದು ಜೋಡಿಸಿಟ್ಟು ಸದ್ದಿಲ್ಲದೆ ಒಳಗೆ ಬರಬಹುದು. ಪಕ್ಕದಲ್ಲೇ ಡ್ರೈನೇಜ್ ಪೈಪು, ಮೊದಲ ಮಾಳಿಗೆಗೆ ಅದೇ ಏಣಿ. ಅಲ್ಲಿಗೆ ಒಳಗಿನಿಂದ 12 ಮಿಲಿಮೀಟರಿನ ಚೌಕ ಸರಳುಗಳನ್ನು ಗೋಡೆಗೇ ಹುದುಗಿಸಿದೆವು.

ಮಲಗುವ ಕೋಣೆಗೆ ಹೊರಚಾಚಿದ ಬಾಕ್ಸ್ ಗ್ರಿಲ್ ಇತ್ತು. ನಾಲ್ಕು ಸ್ಕ್ರೂ ಬಿಚ್ಚಿದರೆ ಹೊರಗಿನಿಂದಲೇ ಇಡೀ ಗ್ರಿಲ್ ಕೈಗೆ ಬರುವಂತಿತ್ತು. ಸ್ಕ್ರೂ ತಲೆಗಳಿಗೆ ವೆಲ್ಡಿಂಗ್ ಮಾಡಿಸಿದೆವು. ಯಜಮಾನರು ಎಲ್ಲವನ್ನೂ ಪೂರ್ತಿ ಮುಚ್ಚಿಬಿಡಿ ಎಂದರು. ಇದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಒಂದೇ ಬಾಗಿಲಿನ ಮನೆಯಲ್ಲಿ ಅಡುಗೆಮನೆಯ ಕಡೆ ಬೆಂಕಿ ಹೊತ್ತಿಕೊಂಡರೆ ಹೊರಗೆ ಬರುವ ದಾರಿ ಈ ಕಿಟಕಿಯೇ. ಅಗ್ನಿಶಾಮಕ ದಳದವರು ಏಣಿ ಹಾಕಿ ಬಂದರೂ ಗ್ರಿಲ್ ಕತ್ತರಿಸುವಷ್ಟರಲ್ಲಿ ಹೊಗೆ ಜೀವ ತೆಗೆಯುತ್ತದೆ. ಚಿನ್ನ ಹೋದರೆ ಮತ್ತೆ ಬಂದೀತು, ಅಜ್ಜಿ ಹೋದರೆ ಬರುತ್ತಾರೆಯೇ? ಗ್ರಿಲ್‌ನಲ್ಲಿ ಒಬ್ಬರು ನುಸುಳುವಷ್ಟು ಅಗಲದ ತೆರೆಯುವ ಬಾಗಿಲು ಮಾಡಿಸಿ, ಅದಕ್ಕೆ ಒಳಗಿನಿಂದ ಬೀಗ ಹಾಕಿಸಿದೆ. ಕೀಲಿ ಹಾಸಿಗೆಯ ಪಕ್ಕದ ಮೊಳೆಯಲ್ಲಿದೆ, ಕಿಟಕಿಯಿಂದ ಕೈ ಹಾಕಿದರೆ ಎಟುಕದಷ್ಟು ದೂರ. ಕತ್ತಲೆಯಲ್ಲೂ ಅದನ್ನು ತೆಗೆಯುವುದನ್ನು ಮನೆಯ ನಾಲ್ವರಿಂದಲೂ ಮಾಡಿಸಿ ನೋಡಿದೆ. ಅಜ್ಜಿಯಿಂದಲೂ.

ಹೋದದ್ದು, ಉಳಿದದ್ದು

ಚಿನ್ನದಲ್ಲಿ ಹೆಚ್ಚಿನದು ಬ್ಯಾಂಕ್ ಲಾಕರಿನಲ್ಲಿತ್ತು. ಹೋದದ್ದು ಅಜ್ಜಿಯ ಹಳೇ ಸರ, ಎರಡು ಬಳೆ, ಸ್ವಲ್ಪ ನಗದು, ಒಂದು ಹಳೇ ಮೊಬೈಲ್. ಅಜ್ಜಿಗೆ ಬ್ಯಾಂಕ್ ಲಾಕರ್ ಎಂದರೆ ಅನುಮಾನ, ಅದಕ್ಕೇ ಅವರ ಸರ ಮನೆಯಲ್ಲಿತ್ತು. ಸ್ಟೀಲ್ ಕಪಾಟಿನ ಒಳಗಿನ ಲಾಕರನ್ನು ಸ್ಕ್ರೂಡ್ರೈವರಿನಿಂದ ಬಗ್ಗಿಸಿದ್ದರು. ಆ ತಗಡು ಅಷ್ಟೇ ತೆಳು. ಲಾಕರ್ ಎಂದು ಕರೆಯುತ್ತೇವೆ ಅಷ್ಟೆ, ಅದು ಮಕ್ಕಳ ಕೈಗೆ ಸಿಗದಿರಲಿ ಎಂದು ಇರುವ ಪೆಟ್ಟಿಗೆ. ಬ್ಯಾಂಕಿನ ವಿಷಯದಲ್ಲಿ ಅಜ್ಜಿಗೆ ಒಂದು ನಿಯಮ ಹೇಳಿದೆ: ರಿಸರ್ವ್ ಬ್ಯಾಂಕ್ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ ಬ್ಯಾಂಕಿನಲ್ಲಿ ಕಳ್ಳತನ, ದರೋಡೆ, ಬೆಂಕಿ ಆದರೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕ್ ಹೊಣೆ. ಚಿನ್ನದ ಪೂರ್ತಿ ಬೆಲೆ ಸಿಗುತ್ತದೆ ಎಂದಲ್ಲ. ಆದರೂ ಕಪಾಟಿನ ತಗಡಿಗೆ ಹೋಲಿಸಿದರೆ ಎಷ್ಟೋ ಮೇಲು.

ಸರಕ್ಕೆ ಬಿಲ್ ಇರಲಿಲ್ಲ, ಅಜ್ಜಿಯ ಅಮ್ಮ ಕೊಟ್ಟದ್ದು. ಮದುವೆ ಆಲ್ಬಮ್ಮಿನಲ್ಲಿ ಅದನ್ನು ಹಾಕಿಕೊಂಡ ಫೋಟೋ ಸಿಕ್ಕಿತು, ಪದಕ ಸ್ಪಷ್ಟವಾಗಿ ಕಾಣುತ್ತಿತ್ತು. ಪೊಲೀಸರಿಗೆ ಕೊಟ್ಟದ್ದು ಅದರ ಪ್ರತಿ. ಮುಂದೆ ಮಾಲು ಸಿಕ್ಕರೆ ಕೋರ್ಟಿನಿಂದ ಬಿಡಿಸಿಕೊಳ್ಳುವಾಗ ಇದು ನಮ್ಮದೇ ಎಂದು ತೋರಿಸಲು ಇಂಥದ್ದು ಬೇಕಾಗುತ್ತದೆ. ಮನೆಯಲ್ಲಿರುವ ಒಡವೆಗಳನ್ನು ಇವತ್ತೇ ತೂಕ ಬರೆದು, ಹತ್ತಿರದಿಂದ ಫೋಟೋ ತೆಗೆದು ಇಟ್ಟುಕೊಳ್ಳಿ. ಮೊಬೈಲಿನ ಡಬ್ಬಿ ಎಸೆದಿರಲಿಲ್ಲ. ಅದರ ಮೇಲಿದ್ದ ಐಎಂಇಐ ಸಂಖ್ಯೆಯಿಂದ (ಅದು ಪ್ರತಿ ಫೋನಿನ ಗುರುತಿನ ಸಂಖ್ಯೆ) ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸಿದರು. ಚೆಕ್‌ಬುಕ್ ಕಾಣಿಸಲಿಲ್ಲ, ಅದೇ ದಿನ ಬ್ಯಾಂಕಿಗೆ ಹೇಳಿ ಪಾವತಿ ತಡೆದರು.

ವಿಮೆಯ ವಿಷಯ ನೋವಿನದು. ಮನೆಸಾಲದ ಜೊತೆ ಬಂದ ಪಾಲಿಸಿ ಇದೆ, ಅದರಲ್ಲಿ ಸಿಗುತ್ತದೆ ಎಂದು ಯಜಮಾನರು ನಂಬಿದ್ದರು. ತೆಗೆದು ನೋಡಿದರೆ ಅದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ಮಾದರಿ ಪಾಲಿಸಿ. ಬೆಂಕಿ, ಭೂಕಂಪ, ಪ್ರವಾಹದಂಥ ಹಾನಿಗೆ ಅದು. ಅಂಥ ಅವಘಡವಾಗಿ, ಅದರಿಂದಾಗಿಯೇ 7 ದಿನದೊಳಗೆ ನಡೆದ ಕಳವಿಗೆ ಮಾತ್ರ ಅದರಲ್ಲಿ ಜಾಗವಿದೆ. ಬೀಗ ಒಡೆದು ಮಾಡುವ ಕಳ್ಳತನಕ್ಕೆ ಬೇರೆಯೇ ರಕ್ಷಣೆ ಕೊಳ್ಳಬೇಕು. ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಒಮ್ಮೆ ತೆಗೆದು ಓದಿ.

ಕ್ಯಾಮೆರಾ ಇತ್ತು, ಮುಖ ಇರಲಿಲ್ಲ

ಸೊಸೈಟಿಯ ಕ್ಯಾಮೆರಾದಲ್ಲಿ ಚೀಲ ಹಿಡಿದ ಇಬ್ಬರು ಹಿಂದಿನ ಗೇಟಿನಿಂದ ಹೋಗುವುದು ಕಾಣುತ್ತದೆ. ಆದರೆ ಕ್ಯಾಮೆರಾ ತೀರಾ ಮೇಲಿತ್ತು, ಕಂಡದ್ದು ಟೋಪಿ ಮತ್ತು ಭುಜ. ಗಡಿಯಾರವೂ ತಪ್ಪಿತ್ತು. ರೆಕಾರ್ಡರ್ ವಾಚ್‌ಮನ್ ಕ್ಯಾಬಿನ್‌ನಲ್ಲಿ ಬಾಗಿಲಿಲ್ಲದ ಶೆಲ್ಫ್ ಮೇಲೆ. ಕಳ್ಳರು ಅದನ್ನು ಹೊತ್ತೊಯ್ಯದಿದ್ದದ್ದೇ ಪುಣ್ಯ. ರೆಕಾರ್ಡರಿನ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ, ಆದ್ದರಿಂದ ಮೊದಲ ದಿನವೇ ಪ್ರತಿ ತೆಗೆಸಬೇಕು. ಅದು ಸಾಕ್ಷಿಯಾಗಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಜೊತೆಗಿರಬೇಕು. ಕಾರ್ಯದರ್ಶಿ ಎರಡನ್ನೂ ಮಾಡಿಸಿದರು.

ಆಮೇಲೆ ಹೊಸ ಕ್ಯಾಮೆರಾ ಎಷ್ಟು ಹಾಕೋಣ ಎಂಬ ಮಾತು ಬಂತು. ನಾನು ಒಂದೇ ಸಾಕೆಂದೆ. ಮೆಟ್ಟಿಲು ಹತ್ತಿ ಬರುವವರ ಮುಖಕ್ಕೆ ನೇರವಾಗಿ, ತಲೆಗಿಂತ ಸ್ವಲ್ಪ ಮೇಲೆ, ಅಲ್ಲಿ ರಾತ್ರಿಯಿಡೀ ಒಂದು ದೀಪ. ರೆಕಾರ್ಡರ್ ಈಗ ಸೊಸೈಟಿ ಆಫೀಸಿನೊಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಪಂಪ್ ಹಾಕುವ ಕೆಲಸಕ್ಕೆ ಟೈಮರ್ ಬಂದಿದೆ, ವಾಚ್‌ಮನ್ ಗೇಟು ಬಿಡಬೇಕಾಗಿಲ್ಲ. ರಾತ್ರಿಗೆ ಇನ್ನೊಬ್ಬರನ್ನು ಇಡಬೇಕೆಂಬ ಮಾತೂ ಇದೆ. ಹಾಗೆ ಇಡುವುದಾದರೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಪರವಾನಗಿ ಇರುವ ಏಜೆನ್ಸಿಯಿಂದಲೇ ತನ್ನಿ ಎಂದು ಹೇಳಿದ್ದೇನೆ.

ಮನೆಯವರು ಆಮೇಲೆ ಒಮ್ಮೆ ಊರಿಗೆ ಹೋಗಿ ಬಂದರು. ಹಾಲು, ಪೇಪರ್ ನಿಲ್ಲಿಸಿದ್ದರು. ಎದುರು ಮನೆಯ ಅಜ್ಜಿ ಸಂಜೆ ಹೋಗಿ ದೀಪ ಹಾಕಿ, ರಾತ್ರಿ ಆರಿಸಿ ಬರುತ್ತಿದ್ದರು. ಮಗಳು ಊರಿನ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕಿದ್ದು ಮುಲುಂಡಿಗೆ ವಾಪಸ್ ಬಂದ ಮೇಲೆ. ಈ ಮನೆಯ ಅಜ್ಜಿ ಉಳಿದ ಒಂದು ಜೊತೆ ಓಲೆಯನ್ನು ಸೊಸೆಯ ಲಾಕರಿಗೆ ಕೊಟ್ಟರು.

ತನಿಖೆ ಇನ್ನೂ ನಡೆದಿದೆ, ಸರ ಸಿಕ್ಕಿಲ್ಲ. ಬಾಕಿ ಉಳಿದಿರುವ ಕೆಲಸ ಸೊಸೈಟಿಯ ಹಿಂದಿನ ಗೇಟು. ಕಳ್ಳರು ಹೋದದ್ದು ಅಲ್ಲಿಂದಲೇ, ಅದರ ಕಂಬವೇ ಅಲುಗಾಡುತ್ತದೆ. ಹೊಸ ಗೇಟಿನ ಖರ್ಚಿಗೆ ಸದಸ್ಯರ ಸಭೆಯಲ್ಲಿ ಮಂಜೂರಾತಿ ಬೇಕು ಎನ್ನುತ್ತಾರೆ ಕಾರ್ಯದರ್ಶಿ. ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಲೇಬೇಕು. ಕಂಬಕ್ಕೆ ಹೊಸ ಕಾಂಕ್ರೀಟ್ ಹಾಕದೆ ಗೇಟನ್ನು ಮಾತ್ರ ಬದಲಾಯಿಸಬೇಡಿ ಎಂದು ಅಂದಾಜುಪತ್ರದಲ್ಲಿ ಮೊದಲ ಸಾಲಿನಲ್ಲೇ ಬರೆದುಕೊಟ್ಟಿದ್ದೇನೆ.